ಹೊನ್ನಾವರದಿಂದ ಗೇರುಸೊಪ್ಪೆಗೆ: ಯಾರೂ ತೋಡದ ಕಾಲುವೆ

ಉತ್ತರ ಕನ್ನಡದಲ್ಲಿ ಎರಡು ರಾಷ್ಟ್ರೀಯ ಜಲಮಾರ್ಗಗಳಿವೆ. ಹೆದ್ದಾರಿ 66 ಎಲ್ಲರಿಗೂ ಗೊತ್ತು, ಗುಂಡಿ ಸಮೇತ ಗೊತ್ತು. ಆದರೆ ಜಲಮಾರ್ಗ 52 ಎಲ್ಲಿದೆ, 90 ಎಲ್ಲಿದೆ ಅಂತ ಕೇಳಿದರೆ ಕಾರವಾರದವರೂ ತಲೆ ಕೆರೆದುಕೊಳ್ಳುತ್ತಾರೆ. 52 ಅಂದರೆ ಕಾಳಿ ನದಿ. 90 ಅಂದರೆ ಶರಾವತಿ. 2016ರಲ್ಲಿ ಸಂಸತ್ತು ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಮಾಡಿತು. ಅದಕ್ಕೂ ಮೊದಲು ದೇಶದಲ್ಲಿ ಇಂಥ 5 ಮಾರ್ಗಗಳಷ್ಟೇ ಇದ್ದವು. ಕಾಯ್ದೆ ಬಂದಾಗ ಇನ್ನೂ 106 ನದಿ, ಕಾಲುವೆ, ಹಿನ್ನೀರುಗಳು ಸೇರಿ ಪಟ್ಟಿ 111ಕ್ಕೆ ಏರಿತು. ಶರಾವತಿಯ 29 ಕಿಲೋಮೀಟರ್, ಕಾಳಿಯ 54 ಕಿಲೋಮೀಟರ್ ಪಟ್ಟಿಗೆ ಬಂದದ್ದು ಆಗಲೇ.

ಇಷ್ಟು ವರ್ಷ ಆಯಿತು. ಮರಳು ದೋಣಿ ಬಿಟ್ಟರೆ ಶರಾವತಿಯಲ್ಲಿ ಸರಕು ಹೊತ್ತ ದೋಣಿ ಕಾಣುವುದು ಅಪರೂಪ. ಹಾಗಂತ ಪಟ್ಟಿ ಮಾಡಿದವರು ಸುಮ್ನೆ ಒಂದು ಹೆಸರು ಗೀಚಿದರು ಅನ್ನುವ ಹಾಗೂ ಇಲ್ಲ. ಇದೇ ನೀರಿನ ಮೇಲೆ ನೂರಾರು ವರ್ಷ ಘಟ್ಟದ ಮೆಣಸು ಸಮುದ್ರಕ್ಕೆ ಇಳಿದಿದೆ, ಸಮುದ್ರದ ಉಪ್ಪು ಘಟ್ಟಕ್ಕೆ ಏರಿದೆ. ಅಂಥ ದಾರಿ ಯಾಕೆ ಸತ್ತಿತು, ಕಾಗದದ ಮೇಲೆ ಮತ್ತೆ ಯಾಕೆ ಹುಟ್ಟಿತು, ಈಗ ಅದರಿಂದ ಏನು ಉಪಯೋಗ? ಇದನ್ನು ತಿಳಿಯಬೇಕಾದರೆ ಮೊದಲು ದೋಣಿ ಓಡುವ ಕಾಲುವೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ನೀರು ಇದ್ದರೆ ಸಾಲದು

ಗದ್ದೆಗೆ ನೀರು ಹರಿಸುವ ಕಾಲುವೆ ಬೇರೆ, ದೋಣಿ ಓಡಿಸುವ ಕಾಲುವೆ ಬೇರೆ. ಗದ್ದೆ ಕಾಲುವೆಗೆ ಇಳಿಜಾರು ಬೇಕು, ನೀರು ಹರಿಯಬೇಕು. ದೋಣಿ ಕಾಲುವೆಗೆ ಇಳಿಜಾರು ಶತ್ರು. ಅಲ್ಲಿ ನೀರು ಆದಷ್ಟು ಸಮತಟ್ಟಾಗಿ ನಿಲ್ಲಬೇಕು. ನೀರು ಜೋರಾಗಿ ಹರಿದರೆ ಮೇಲಕ್ಕೆ ಹೋಗುವವನಿಗೆ ಹುಟ್ಟು ಹಾಕಿ ಹಾಕಿ ಕೈ ಬೀಳುತ್ತದೆ, ಕೆಳಕ್ಕೆ ಬರುವವನಿಗೆ ದೋಣಿ ಹಿಡಿತಕ್ಕೆ ಸಿಗುವುದಿಲ್ಲ.

ನೆಲ ಏರುತಗ್ಗು ಇದ್ದ ಕಡೆ ಜನ ಇದಕ್ಕೆ ಒಂದು ಉಪಾಯ ಮಾಡಿದರು. ಕಾಲುವೆಯನ್ನು ಹಂತ ಹಂತವಾಗಿ ಕಟ್ಟಿ, ಹಂತಗಳ ಮಧ್ಯೆ ಎರಡು ಬಾಗಿಲಿನ ಕೋಣೆ ಇಟ್ಟರು. ದೋಣಿ ಕೋಣೆಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಹಾಕಿ, ಮೇಲಿನಿಂದ ನೀರು ಬಿಟ್ಟರೆ ನೀರಿನ ಜೊತೆ ದೋಣಿಯೂ ಏರುತ್ತದೆ. ಮೇಲಿನ ಮಟ್ಟಕ್ಕೆ ಸರಿಯಾದ ಮೇಲೆ ಮುಂದಿನ ಬಾಗಿಲು ತೆಗೆಯುವುದು. ಇದಕ್ಕೆ ಲಾಕ್ ಅನ್ನುತ್ತಾರೆ. ಪನಾಮಾದಲ್ಲಿ ಹಡಗುಗಳನ್ನು ಸಮುದ್ರದಿಂದ ಸುಮಾರು 26 ಮೀಟರ್ ಮೇಲೆತ್ತಿ, ಆ ಕಡೆ ಮತ್ತೆ ಇಳಿಸುವುದು ಹೀಗೆಯೇ. ದುಡ್ಡಿನ ಕೆಲಸ, ನೀರೂ ಸಿಕ್ಕಾಪಟ್ಟೆ ಬೇಕು.

ನಮ್ಮ ಕರಾವಳಿಗೆ ಈ ಕಷ್ಟ ಇರಲಿಲ್ಲ. ಶರಾವತಿ ತೀರ್ಥಹಳ್ಳಿ ಕಡೆಯ ಅಂಬುತೀರ್ಥದಲ್ಲಿ ಹುಟ್ಟಿ ಸುಮಾರು 128 ಕಿಲೋಮೀಟರ್ ಹರಿಯುತ್ತದೆ. ಆದರೆ ತನ್ನ ಎತ್ತರವನ್ನೆಲ್ಲ ಅದು ಮೊದಲೇ ಕಳೆದುಕೊಂಡುಬಿಡುತ್ತದೆ. ಜೋಗದಲ್ಲಿ ಒಂದೇ ಏಟಿಗೆ 253 ಮೀಟರ್ ಹಾರುತ್ತದೆ. ಉಳಿದದ್ದನ್ನು ಕಣಿವೆಯಲ್ಲಿ ಇಳಿಯುತ್ತದೆ. ಗೇರುಸೊಪ್ಪೆ ಮುಟ್ಟುವ ಹೊತ್ತಿಗೆ ನದಿ ಹೆಚ್ಚುಕಡಿಮೆ ಸಮುದ್ರದ ಮಟ್ಟಕ್ಕೇ ಬಂದಿರುತ್ತದೆ. ಅಲ್ಲಿಂದ ಹೊನ್ನಾವರದ ತನಕ ಇಳಿಯುವುದಕ್ಕೆ ಇನ್ನೇನೂ ಉಳಿದಿಲ್ಲ. ಅಗಲ ಇದೆ, ನೀರು ನಿಂತಂತೆ ಇದೆ, ಬಂಡೆ ಕಡಿಮೆ. ಲಾಕ್ ಬೇಡ, ಗುದ್ದಲಿ ಬೇಡ. ಕಾಲುವೆ ತಯಾರಾಗಿಯೇ ಇತ್ತು.

ಕಾಳಿ, ಗಂಗಾವಳಿ, ಅಘನಾಶಿನಿ ಎಲ್ಲದರದ್ದೂ ಇದೇ ಗುಣ. ಘಟ್ಟದಲ್ಲಿ ಧುಮುಕಿ, ಕೊನೆಯಲ್ಲಿ ಸಮುದ್ರದ ಮಟ್ಟದಲ್ಲಿ ತೆವಳುತ್ತವೆ. ಆ ತೆವಳುವ ಭಾಗವೇ ದೋಣಿಯ ದಾರಿ.

ಎಂಜಿನ್ ಯಾವುದು?

ಸಮತಟ್ಟಾದ ನೀರಿನಲ್ಲಿ ಸರಕು ತುಂಬಿದ ದೋಣಿಯನ್ನು 29 ಕಿಲೋಮೀಟರ್ ನೂಕುವುದು ತಮಾಷೆಯಲ್ಲ. ಇಂಗ್ಲೆಂಡಿನ ಕಾಲುವೆಗಳಲ್ಲಿ ದಡದ ಮೇಲೆ ಕುದುರೆ ನಡೆಸಿ, ಹಗ್ಗ ಕಟ್ಟಿ ದೋಣಿ ಎಳೆಸುತ್ತಿದ್ದರು. ನಮ್ಮಲ್ಲಿ ಆ ಕೆಲಸ ಮಾಡಿದ್ದು ಚಂದ್ರ. ಭರತ-ಇಳಿತದ ಮಾತು ಇದು.

ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಎರಡೂ ಸುತ್ತು ಮುಗಿಯಲು ಬೇಕಾದ ಸಮಯ 24 ಗಂಟೆ 50 ನಿಮಿಷ. ಹಾಗಾಗಿ ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ನೀರು ತುಂಬಿದ್ದರೆ ನಾಳೆ 7ಕ್ಕೆ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿ ಕಡೆಗೆ ಕಡಿಮೆ. ನಮ್ಮ ಕರಾವಳಿಯಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ಒಂದೂವರೆಯಿಂದ 2 ಮೀಟರ್ ವ್ಯತ್ಯಾಸ ಇರುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೆ ದೋಣಿಗೆ ಸಾಕು. ಮತ್ತೆ, ಇದೇ ಹದವಾದದ್ದು ಅಂತ ನನಗನಿಸುತ್ತದೆ. ಅಲ್ಲಿಯ ಹಾಗೆ ನೀರು ಗೋಡೆಯಾಗಿ ನುಗ್ಗಿ ಬಂದರೆ ದೋಣಿಯವರು ಮನೆಯಲ್ಲೇ ಕೂರಬೇಕಾಗುತ್ತಿತ್ತು.

ಸಮುದ್ರ ಏರಿದಾಗ ನೀರು ಅಳಿವೆಯಿಂದ, ಅಂದರೆ ನದಿ ಸಮುದ್ರ ಸೇರುವ ಬಾಯಿಯಿಂದ, ಒಳಗೆ ನುಗ್ಗುತ್ತದೆ. ಉಪ್ಪುನೀರು ಭಾರ, ಅದು ತಳದಲ್ಲಿ ಸಾಗುತ್ತದೆ. ಹಗುರವಾದ ಸಿಹಿನೀರು ಮೇಲೆ ತೇಲುತ್ತದೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಸಿಹಿನೀರು ಕಡಿಮೆ ಇದ್ದಾಗ ನದಿಯೇ ಹಿಂದಕ್ಕೆ ಹರಿಯುತ್ತಿದೆ ಅನ್ನಿಸುತ್ತದೆ. ಹೊನ್ನಾವರದಿಂದ ಭರತ ಶುರುವಾಗುವ ಹೊತ್ತಿಗೆ ಹೊರಟ ದೋಣಿಯವನು ಹುಟ್ಟು ಹಾಕುವುದು ಹೆಚ್ಚಾಗಿ ದಿಕ್ಕು ಸರಿಪಡಿಸುವುದಕ್ಕೆ. ಮುಂದೆ ನೂಕುವ ಕೆಲಸ ನೀರಿನದು. ಗಾಳಿ ಸಿಕ್ಕರೆ ಹಾಯಿಯೂ ಸೇರುತ್ತದೆ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಬರುತ್ತದಲ್ಲ, ಅದು ಘಟ್ಟದ ಕಡೆಗೇ ಬೀಸುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಭರತ ಹೊನ್ನಾವರದಲ್ಲೂ ಗೇರುಸೊಪ್ಪೆ ಕಡೆಗೂ ಒಂದೇ ಹೊತ್ತಿಗೆ ಆಗುವುದಿಲ್ಲ. ಅಲೆ ಒಳಗೆ ಸಾಗಲು ಸಮಯ ಬೇಕು. ಮೇಲಕ್ಕೆ ಹೋಗುವ ದೋಣಿ ಅದರ ಜೊತೆಗೇ ಸಾಗುತ್ತದೆ. ಹಾಗಾಗಿ ಅದಕ್ಕೆ ಅನುಕೂಲದ ನೀರು ಆರು ಗಂಟೆಗಿಂತ ಸ್ವಲ್ಪ ಹೆಚ್ಚೇ ಸಿಗುತ್ತದೆ. ಕೆಳಕ್ಕೆ ಬರುವ ದೋಣಿಯದ್ದು ಉಲ್ಟಾ. ಅದು ಇಳಿತ ಹಿಡಿದು ಹೊರಟರೂ ಎದುರಿನಿಂದ ಮುಂದಿನ ಭರತ ಬರುತ್ತಿರುತ್ತದೆ. ಅನುಕೂಲದ ಹೊತ್ತು ಬೇಗ ಮುಗಿಯುತ್ತದೆ. ನದಿಯ ಸ್ವಂತ ಹರಿವು ಇದನ್ನು ಒಂದಿಷ್ಟು ಸರಿದೂಗಿಸುತ್ತದೆ ನಿಜ, ಆದರೆ ಅಣೆಕಟ್ಟು ಬರುವ ಮೊದಲು ಬೇಸಿಗೆಯಲ್ಲಿ ಆ ಹರಿವೇ ಸೊರಗಿರುತ್ತಿತ್ತು.

ರವೀಂದ್ರನಾಥ ಠಾಕೂರರು ಇಪ್ಪತ್ತೆರಡರ ಹರೆಯದಲ್ಲಿ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಇವರೆಲ್ಲ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದರು. ವಾಪಸ್ಸು ಬರುವಾಗ ಇಳಿತದ ಜೊತೆ ತೇಲುತ್ತ ಬಂದರೂ ನದಿಯ ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ದೋಣಿ ಬಿಟ್ಟು ಮರಳದಂಡೆ ಮೇಲೆ ನಡೆದೇ ಮನೆ ಸೇರಿದರು. ಇದನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕವಿಗೆ ಅದು ಮರೆಯಲಾಗದ ರಾತ್ರಿ. ಕೊಬ್ಬರಿ, ಮೆಣಸು ತುಂಬಿಕೊಂಡು ಬರುವವನಿಗೆ ಹಾಗಲ್ಲ, ಅವನು ಮುಂದಿನ ಇಳಿತ ಬರುವ ತನಕ ದಡಕ್ಕೆ ದೋಣಿ ಕಟ್ಟಿ ಅನ್ನ ಬೇಯಿಸಿಕೊಳ್ಳಬೇಕು.

ಎತ್ತಿನ ಬೆನ್ನಿನಿಂದ ದೋಣಿಗೆ

ಗೇರುಸೊಪ್ಪೆ ದೊಡ್ಡ ಊರಾದದ್ದು ಕಾಡಿನ ಚಂದಕ್ಕಲ್ಲ. ಘಟ್ಟದಿಂದ ಇಳಿದ ಹೇರೆತ್ತುಗಳ ಬೆನ್ನಿನ ಸರಕು ದೋಣಿಗೆ ಬದಲಾಗುವ ಜಾಗ ಅದು. ಎತ್ತು ಮುಂದೆ ಹೋಗಬೇಕಿಲ್ಲ, ದೋಣಿ ಮೇಲೆ ಹೋಗಲಾರದು. ಇಬ್ಬರೂ ಭೇಟಿಯಾಗುವ ಕಡೆ ಮಂಡಿ ಏಳುತ್ತದೆ, ಸುಂಕದ ಕಟ್ಟೆ ಏಳುತ್ತದೆ, ಆಮೇಲೆ ಅರಮನೆ, ಬಸದಿ. ಚತುರ್ಮುಖ ಬಸದಿ ಇವತ್ತಿಗೂ ಕಾಡಿನ ಮಧ್ಯೆ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಕಲ್ಲು ಕಟ್ಟಡಕ್ಕೆ ದುಡ್ಡು ಬಂದದ್ದು ನದಿಯ ಮೇಲಿನ ವ್ಯಾಪಾರದಿಂದ ಅಂದರೆ ತಪ್ಪಾಗಲಾರದು.

ಹದಿನಾರನೇ ಶತಮಾನದ ಎರಡನೇ ಅರ್ಧದಲ್ಲಿ ಇಲ್ಲಿ ಆಳಿದವಳು ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. 1569ರಲ್ಲಿ ಹೊನ್ನಾವರವನ್ನು ಅವರು ಹಿಡಿದರು. ನಕಾಶೆ ಇಟ್ಟುಕೊಂಡು ನೋಡಿದರೆ ಜಗಳದ ಅರ್ಥ ತಾನಾಗಿ ಗೊತ್ತಾಗುತ್ತದೆ. ಮೆಣಸು ಬೆಳೆಯುವ ಕಡೆ ರಾಣಿ, ಮೆಣಸು ಹಡಗು ಹತ್ತುವ ಕಡೆ ಪೋರ್ಚುಗೀಸರು, ಮಧ್ಯೆ ಈ 29 ಕಿಲೋಮೀಟರ್ ನೀರು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ನಡೆಯುವುದಿಲ್ಲ, ಇಬ್ಬರಿಗೂ ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲ.

1606ರ ಸುಮಾರಿಗೆ ಗೇರುಸೊಪ್ಪೆ ಕೆಳದಿಯವರ ಪಾಲಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇದೇ ದಾರಿಯಲ್ಲಿ ಬಂದ. ಗೋವಾದ ಪೋರ್ಚುಗೀಸ್ ರಾಯಭಾರಿಯೊಬ್ಬ ಇಕ್ಕೇರಿಗೆ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ. ಈತ ಅವನ ಜೊತೆ ಸೇರಿಕೊಂಡ. ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯಲ್ಲಿ ಇಳಿದು, ಅಲ್ಲಿಂದ ಘಟ್ಟ ಹತ್ತಿದರು. ಇಕ್ಕೇರಿಗೆ ಹೋಗುವ ರಾಜಕಾರ್ಯದ ತಂಡಕ್ಕೂ ದೋಣಿಯೇ ವಾಡಿಕೆಯ ದಾರಿ ಅಂತಾಯಿತು. ಅವನು ನೋಡುವ ಹೊತ್ತಿಗೆ ಗೇರುಸೊಪ್ಪೆ ಹಾಳುಬಿದ್ದು, ಅರಮನೆ ಇದ್ದ ಕಡೆ ಗಿಡಮರ ಬೆಳೆದಿತ್ತು. ಮೆಣಸಿನ ರಾಣಿಯ ಹೆಸರು ಮಾತ್ರ ಜನರ ಬಾಯಲ್ಲಿತ್ತು. ಅವನು ಅದನ್ನೂ ಬರೆದಿಟ್ಟ.

ಇಂಥ ಊರು ಇದೊಂದೇ ಅಲ್ಲ. ಅಘನಾಶಿನಿಯಲ್ಲಿ ಮಿರ್ಜಾನ್ ದಾಟಿ ಒಳಗೆ ಹೋದರೆ ಉಪ್ಪಿನಪಟ್ಟಣ ಸಿಗುತ್ತದೆ. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ತೆಗೆದ ಉಪ್ಪು ದೋಣಿಯಲ್ಲಿ ಅಲ್ಲಿಗೆ ಬಂದು, ಆಮೇಲೆ ಎತ್ತಿನ ಮೇಲೆ ಶಿರಸಿ, ಸಿದ್ದಾಪುರಕ್ಕೆ ಏರುತ್ತಿತ್ತು. ಅದೇ ಎತ್ತು ಇಳಿಯುವಾಗ ಅಡಿಕೆ, ಮೆಣಸು, ಏಲಕ್ಕಿ ತರುತ್ತಿತ್ತು. ಕಾಳಿಯಲ್ಲಿ ಕದ್ರಾ ಇಂಥದ್ದೇ ಊರು. ಕಾರವಾರಕ್ಕೂ ಮೊದಲು ಹೆಸರು ಮಾಡಿದ್ದ ಕಡವಾಡ ಕೂಡ ಸಮುದ್ರದ ದಂಡೆಯಲ್ಲಿಲ್ಲ, ಕಾಳಿಯ ಒಳಭಾಗದಲ್ಲಿದೆ. ಹಳೆಯ ಬಂದರು ಅಂದ ಕೂಡಲೇ ನಾವು ಕಡಲ ತೀರ ಹುಡುಕುತ್ತೇವೆ. ಇಲ್ಲಿ ಅದನ್ನು ಘಟ್ಟದ ಬುಡದಲ್ಲೂ ಹುಡುಕಬೇಕು.

ಮಳೆಗಾಲದಲ್ಲಿ ಎಲ್ಲ ಬಂದ್. ಸಮುದ್ರದಲ್ಲಿ ಹಡಗಿಲ್ಲ, ನದಿಯಲ್ಲಿ ಕೆಂಪು ನೀರಿನ ಸೆಳೆತ, ಘಟ್ಟದ ದಾರಿಯಲ್ಲಿ ಜಾರಿಕೆ. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ನಿಧಾನವಾಗಿ ಚಟುವಟಿಕೆ ಶುರು.

ದಾರಿ ಅಡ್ಡಡ್ಡ ತಿರುಗಿತು

ದೋಣಿ ದಾರಿ ಒಂದೇ ದಿನ ಸಾಯಲಿಲ್ಲ. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಧಾರವಾಡದ ಹತ್ತಿಗೆ ಬೆಲೆ ಬಂತು. ಅದನ್ನು ಸಮುದ್ರಕ್ಕೆ ಇಳಿಸಲು ಬಂದರು ಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೇ ದೊಡ್ಡದು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಘಟ್ಟಗಳಲ್ಲಿ ಗಾಡಿ ರಸ್ತೆ ಬಂದವು. ಕುಮಟಾದಿಂದ ಹಡಗು ಹತ್ತಿದ ಹತ್ತಿ ಮುಂಬಯಿ ಪೇಟೆಯಲ್ಲಿ ಕುಮಟಾ ಹತ್ತಿ ಅಂತಲೇ ಹೆಸರಾಯಿತು.

ಗಮನಿಸಬೇಕಾದದ್ದು ಏನೆಂದರೆ, ಗಾಡಿ ಘಟ್ಟ ಇಳಿದ ಮೇಲೆ ಬುಡದಲ್ಲಿ ನಿಲ್ಲಲೇಬೇಕು ಅಂತೇನಿಲ್ಲ. ಸೀದಾ ಬಂದರಿಗೇ ಹೋಗಬಹುದು. ಎತ್ತಿನ ಹೇರಿಗೆ ದೋಣಿ ಬೇಕಿತ್ತು. ಗಾಡಿಗೆ ಬೇಕಾಗಲಿಲ್ಲ. ಗೇರುಸೊಪ್ಪೆ, ಉಪ್ಪಿನಪಟ್ಟಣಗಳ ಕೆಲಸ ಅಲ್ಲೇ ಅರ್ಧ ಹೋಯಿತು. ಆಮೇಲೆ 1888ರಲ್ಲಿ ಮರ್ಮಗೋವಾಕ್ಕೆ ಕ್ಯಾಸಲ್‌ರಾಕ್ ಮೂಲಕ ರೈಲು ಬಂತು. ಬಯಲುಸೀಮೆಯ ಸರಕು ಆ ಕಡೆ ತಿರುಗಿತು. ಕಾರವಾರ, ಕುಮಟಾ ಎರಡೂ ಸಪ್ಪಗಾದವು.

ಇಪ್ಪತ್ತನೇ ಶತಮಾನದಲ್ಲಿ ಇನ್ನೊಂದು ಬದಲಾವಣೆ. ನದಿಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ. ಹೊಸ ರಸ್ತೆ ಉತ್ತರದಿಂದ ದಕ್ಷಿಣಕ್ಕೆ, ಮುಂಬಯಿ-ಮಂಗಳೂರು ಕಡೆ. ಅಲ್ಲಿಯ ತನಕ ದಾರಿಯಾಗಿದ್ದ ನದಿ ಈಗ ದಾರಿಗೆ ಅಡ್ಡ. ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿ ಹತ್ತಬೇಕಿತ್ತು, ಬಸ್ಸಿನವರು ದಕ್ಕೆಯಲ್ಲಿ ಕಾಯಬೇಕಿತ್ತು. ಒಂದೊಂದೇ ಸೇತುವೆ ಬಂದ ಹಾಗೆ ತಾರಿಗಳು ಮುಚ್ಚಿದವು. ಕಾಳಿಗೆ 1983ರಲ್ಲಿ ಸೇತುವೆ ಆಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. ಆ ಮಾರ್ಗದ ಅತಿ ಉದ್ದದ ಸೇತುವೆ ಹೊನ್ನಾವರದ ಶರಾವತಿ ಮೇಲಿನದ್ದೇ, 2 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ.

ಕೇರಳದಲ್ಲಿ ಯಾಕೆ ಹಾಗಾಗಲಿಲ್ಲ ಅಂತ ಕೇಳುವವರಿದ್ದಾರೆ. ಅಲ್ಲಿ ಸಮುದ್ರಕ್ಕೆ ಸಮಾನಾಂತರವಾಗಿ ಸಾಲು ಹಿನ್ನೀರುಗಳಿವೆ. ಅವನ್ನು ಕಾಲುವೆ ತೋಡಿ ಜೋಡಿಸಿದರೆ ಉತ್ತರ-ದಕ್ಷಿಣದ ದಾರಿಯೇ ಸಿಕ್ಕಿತು. ಕೊಲ್ಲಂನಿಂದ ಕೊಟ್ಟಪ್ಪುರಂ ತನಕದ ಆ ದಾರಿ, ಕೊಚ್ಚಿಯ ಎರಡು ಕವಲುಗಳೂ ಸೇರಿ 205 ಕಿಲೋಮೀಟರ್, 1993ರಲ್ಲೇ ರಾಷ್ಟ್ರೀಯ ಜಲಮಾರ್ಗ 3 ಆಯಿತು. ನಮ್ಮಲ್ಲಿ ಗುಡ್ಡಗಳು ಸೀದಾ ಸಮುದ್ರಕ್ಕೇ ಕಾಲು ಚಾಚಿವೆ. ಕಾರವಾರಕ್ಕೂ ಅಂಕೋಲೆಗೂ ಮಧ್ಯೆ ಗುಡ್ಡ, ಗೋಕರ್ಣದಲ್ಲಿ ಗುಡ್ಡ, ಕುಮಟಾದಲ್ಲಿ ಗುಡ್ಡ. ಒಂದು ನದಿಯ ನೀರನ್ನು ಇನ್ನೊಂದಕ್ಕೆ ಜೋಡಿಸುವ ತಗ್ಗು ಜಾಗವೇ ಇಲ್ಲ. ಆಸೆ ಇಲ್ಲದ್ದರಿಂದ ಅಲ್ಲ, ನೆಲ ಬಿಡಲಿಲ್ಲ.

ಅಳಿವೆ ಅನ್ನುವ ಹೊಸ್ತಿಲು

ಒಳಗೆ ಎಷ್ಟೇ ಆಳ ಇದ್ದರೂ ನದಿ ಸಮುದ್ರ ಸೇರುವ ಕಡೆ ಒಂದು ಹೊಸ್ತಿಲು ಇರುತ್ತದೆ. ಅದೇ ಅಳಿವೆಯ ಮರಳ ದಿಬ್ಬ. ನದಿ ತಂದ ಮರಳು, ಅಲೆಗಳು ದಂಡೆಯುದ್ದಕ್ಕೂ ಎಳೆದು ತಂದ ಮರಳು, ಎರಡೂ ನೀರಿನ ವೇಗ ಕಡಿಮೆಯಾಗುವ ಅಳಿವೆಯಲ್ಲೇ ಕೂರುತ್ತವೆ. ದಿಬ್ಬದ ಮೇಲೆ ಆಳ ಕಡಿಮೆ, ಹಾಗಾಗಿ ಅಲೆ ಅಲ್ಲೇ ಮುರಿಯುತ್ತದೆ. ಹೊನ್ನಾವರದ ಅಳಿವೆಯಲ್ಲಿ ಮೀನುಗಾರಿಕೆ ದೋಣಿ ಮಗುಚಿದ ಸುದ್ದಿ ಆಗಾಗ ಬರುವುದು ಇದರಿಂದಲೇ. ಇದು ನಿಂತ ಜಾಗದಲ್ಲಿ ನಿಲ್ಲುವುದೂ ಇಲ್ಲ. ಒಂದು ವರ್ಷ ಇದ್ದ ಕಿಂಡಿ ಇನ್ನೊಂದು ವರ್ಷ ಸರಿದಿರುತ್ತದೆ. ಹೂಳು ತೆಗೆಸಿದರೂ ಮಳೆಗಾಲ ಕಳೆದ ಮೇಲೆ ಮತ್ತೆ ಅದೇ ಕಥೆ.

ಈ ಹೊಸ್ತಿಲಿನ ಕಾಟ ತಪ್ಪಿಸಲು ಕಾಲುವೆ ಹೇಗೆ ನೆರವಾಗುತ್ತದೆ ಅಂತ ನೋಡಬೇಕಾದರೆ ಪಕ್ಕದ ಗೋವಾಕ್ಕೆ ಹೋಗಬೇಕು. ಮಾಂಡವಿ ಮತ್ತು ಜುವಾರಿ ನದಿಗಳನ್ನು ಜೋಡಿಸುವ ಕುಂಭಾರಜುವೆ ಕಾಲುವೆ ಅಲ್ಲಿದೆ. ಉದ್ದ ಸುಮಾರು 17 ಕಿಲೋಮೀಟರ್. ಅದೂ 2016ರ ಪಟ್ಟಿಯಲ್ಲಿದೆ, ಸಂಖ್ಯೆ 27. ಮಳೆಗಾಲದಲ್ಲಿ ಮಾಂಡವಿಯ ಬಾಯಿ, ಅಗ್ವಾದ ಕಡೆಯ ದಿಬ್ಬ, ಬಾರ್ಜುಗಳಿಗೆ ಅಪಾಯ. ಆದರೆ ಜುವಾರಿಯ ಬಾಯಿಯಲ್ಲಿ ಮರ್ಮಗೋವಾ ಬಂದರು ಇದೆ. ಹಾಗಾಗಿ ಕಬ್ಬಿಣದ ಅದಿರು ತುಂಬಿದ ಬಾರ್ಜುಗಳು ಮಾಂಡವಿಯಿಂದ ಸಮುದ್ರಕ್ಕೆ ಹೋಗದೆ, ಈ ಕಾಲುವೆಯೊಳಗಿಂದ ಜುವಾರಿಗೆ ದಾಟಿ ಬಂದರು ಸೇರುತ್ತಿದ್ದವು. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಕೆಸರಿನಲ್ಲಿ ಬಿಸಿಲು ಕಾಯಿಸುವ ಮೊಸಳೆ, ಮಧ್ಯದಲ್ಲಿ ಅದಿರಿನ ಬಾರ್ಜು. 2012ರಲ್ಲಿ ಗಣಿಗಾರಿಕೆ ನಿಂತಿತು, ಮತ್ತೆ ಶುರುವಾಗಿ 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಮತ್ತೆ ನಿಂತಿತು. ನಿಂತಾಗಲೆಲ್ಲ ಬಾರ್ಜುಗಳು ಕೆಲಸವಿಲ್ಲದೆ ಕಟ್ಟಿಹಾಕಿದಲ್ಲೇ ತುಕ್ಕು ಹಿಡಿದವು. ನೀರು ಅಷ್ಟೇ ಇತ್ತು, ಆಳ ಅಷ್ಟೇ ಇತ್ತು. ಸರಕು ಇರಲಿಲ್ಲ, ಅಷ್ಟೇ.

ಜಲಮಾರ್ಗದ ಬಗ್ಗೆ ಮಾತಾಡುವವರು ಒಂದು ಲೆಕ್ಕ ಹೇಳುತ್ತಾರೆ. ಒಂದು ಲೀಟರ್ ಇಂಧನದಲ್ಲಿ ಒಂದು ಟನ್ ಸರಕನ್ನು ರಸ್ತೆಯಲ್ಲಿ 24 ಕಿಲೋಮೀಟರ್, ರೈಲಿನಲ್ಲಿ 85, ನೀರಿನಲ್ಲಿ 105 ಕಿಲೋಮೀಟರ್ ಸಾಗಿಸಬಹುದು ಅಂತ. ಲೆಕ್ಕ ಸರಿಯೇ. ಆದರೆ ಅದು ಸರಕು ದೋಣಿಯೊಳಗೆ ಇರುವಾಗಿನ ಲೆಕ್ಕ. ಗೇರುಸೊಪ್ಪೆಯಲ್ಲಿ ಲಾರಿಯಿಂದ ಇಳಿಸಿ ದೋಣಿಗೆ ತುಂಬಿ, ಹೊನ್ನಾವರದಲ್ಲಿ ದೋಣಿಯಿಂದ ಇಳಿಸಿ ಮತ್ತೆ ಲಾರಿಗೆ ತುಂಬುವ ಹಮಾಲಿ ಇದರಲ್ಲಿಲ್ಲ. ನೂರಾರು ಕಿಲೋಮೀಟರ್ ಹೋಗುವುದಾದರೆ ಹಮಾಲಿ ದುಡ್ಡು ಗಿಟ್ಟುತ್ತದೆ. 29 ಕಿಲೋಮೀಟರಿಗೆ ಗಿಟ್ಟುವುದಿಲ್ಲ. ಹತ್ತು ಸಲ ಪಟ್ಟಿಯಲ್ಲಿ ಬರೆದರೂ ಗಿಟ್ಟುವುದಿಲ್ಲ.

ಮೇಲೆ ಅಣೆಕಟ್ಟು, ಕೆಳಗೆ ಸಿಹಿನೀರು

ಶರಾವತಿಯ ನೀರು ಈಗ ಹಳೆಯ ನೀರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು, 240 ಮೆಗಾವಾಟ್ ವಿದ್ಯುತ್ ಮನೆ. ವಿದ್ಯುತ್ ತಯಾರಾದ ಮೇಲೆ ನೀರು ಕೆಳಗೆ ಬಿಡಲೇಬೇಕು. ಬೇಸಿಗೆಯಲ್ಲಿ ಸೊರಗಬೇಕಿದ್ದ ನದಿ ವರ್ಷವಿಡೀ ಸಿಹಿನೀರಿನಲ್ಲಿ ತುಂಬಿ ಬರುತ್ತದೆ. ಭರತದ ಉಪ್ಪುನೀರು ಒಳಗೆ ಬರಲು ನೋಡಿದರೆ ಮೇಲಿನಿಂದ ಸಿಹಿನೀರು ತಳ್ಳುತ್ತದೆ.

ದೋಣಿಗೆ ಇದು ಒಳ್ಳೆಯದು ಅನ್ನಿಸಬಹುದು. ಆಳ ಕಡಿಮೆಯಾಗುವುದಿಲ್ಲ ಅಲ್ವಾ? ಹೌದು, ಆದರೆ ಟರ್ಬೈನ್ ಓಡುವುದು ಕರೆಂಟಿಗೆ ಬೇಡಿಕೆ ಇದ್ದಾಗ. ಹಾಗಾಗಿ ಹರಿವಿನ ಏರಿಳಿತಕ್ಕೆ ಚಂದ್ರನ ಜೊತೆ ವಿದ್ಯುತ್ ಮನೆಯ ವೇಳಾಪಟ್ಟಿಯೂ ಸೇರಿಕೊಂಡಿತು. ಅದನ್ನು ಪಂಚಾಂಗ ನೋಡಿ ಹೇಳಲು ಆಗುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ನೀರೊಳಗಿನ ಜೀವಕ್ಕೆ. ಬಳಚು, ಚಿಪ್ಪಿಗಳಿಗೆ ಉಪ್ಪು ಬೆರೆತ ನೀರೇ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯವರು ಜಿಲ್ಲೆಯ ಅಳಿವೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಶರಾವತಿಯಲ್ಲಿ ಉಪ್ಪಿನಂಶ ತೀರಾ ಕಡಿಮೆ, ಬಳಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವ ಸ್ಥಿತಿ ಕಂಡಿತು. ಅಣೆಕಟ್ಟೇ ಇಲ್ಲದ ಅಘನಾಶಿನಿಯಲ್ಲಿ ಮಾತ್ರ ಇಳಿತದ ಹೊತ್ತಿಗೆ ಸಾವಿರಾರು ಜನ ಮೊಣಕಾಲುದ್ದ ನೀರಿನಲ್ಲಿ ಬಳಚು ಆರಿಸುತ್ತಾರೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್‌ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆಯೂ ಸಿಕ್ಕಿತು.

ಕಾಳಿಯ ಕಥೆ ಇನ್ನೂ ವಿಚಿತ್ರ. ಜಲಮಾರ್ಗ 52 ಶುರುವಾಗುವುದು ಕೊಡಸಳ್ಳಿ ಅಣೆಕಟ್ಟಿನಿಂದ, ಮುಗಿಯುವುದು ಸದಾಶಿವಗಡದ ಸೇತುವೆ ಹತ್ತಿರ. ಮಧ್ಯೆ ಕದ್ರಾ ಅಣೆಕಟ್ಟು ಇದೆ. ಅದಕ್ಕೆ ಗೇಟುಗಳಿವೆ, ವಿದ್ಯುತ್ ಮನೆ ಇದೆ. ದೋಣಿ ಇಳಿಸುವ ಲಾಕ್ ಇಲ್ಲ. ಕಾಗದದ ಮೇಲೆ 54 ಕಿಲೋಮೀಟರ್ ಒಂದೇ ಗೆರೆ. ನೀರಿನ ಮೇಲೆ ಅದು ಎರಡು ತುಂಡು.

ಈಗ ಯಾರು ಓಡಾಡುತ್ತಾರೆ?

ಉದ್ದುದ್ದ ಹೋಗುವುದು ನಿಂತರೂ ಅಡ್ಡ ದಾಟುವುದು ಪೂರ್ತಿ ನಿಂತಿಲ್ಲ. ತದಡಿಯಿಂದ ಅಘನಾಶಿನಿ ಊರಿಗೆ ಈಗಲೂ ದೋಣಿ ಇದೆ. ಬೈಕುಗಳನ್ನು ಹಲಗೆ ಮೇಲೆ ಹತ್ತಿಸಿ ಅಡ್ಡಡ್ಡ ನಿಲ್ಲಿಸುತ್ತಾರೆ, ಮಧ್ಯೆ ಮೀನಿನ ಬುಟ್ಟಿ, ಶಾಲೆ ಚೀಲ, ಗೋಕರ್ಣಕ್ಕೆ ಬಂದ ಪ್ರವಾಸಿಗಳು. ಇಳಿತದ ಹೊತ್ತಿಗೆ ದೋಣಿ ನಡೆಸುವವರು ಎದುರಿನ ದಕ್ಕೆಗೆ ನೇರವಾಗಿ ಮುಖ ಮಾಡುವುದೇ ಇಲ್ಲ. ನದಿಯ ಮೇಲ್ಗಡೆಗೆ ಓರೆಯಾಗಿ ಹಿಡಿಯುತ್ತಾರೆ. ನೀರು ದೋಣಿಯನ್ನು ಸಮುದ್ರದ ಕಡೆ ಎಳೆಯುತ್ತ ಎಳೆಯುತ್ತ ಸರಿಯಾಗಿ ದಕ್ಕೆಗೇ ತಂದು ಬಿಡುತ್ತದೆ. ಭರತದಲ್ಲಿ ಇದೇ ಓರೆ ಆಚೆ ಕಡೆಗೆ. ರಸ್ತೆಯಲ್ಲಿ ಮಿರ್ಜಾನ್ ಸುತ್ತಿ ಬರುವವರ ಎದುರು ಈ ದೋಣಿ ಇವತ್ತಿಗೂ ಗೆಲ್ಲುತ್ತದೆ. ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ದೋಣಿ ವಿಹಾರ, ಕಾಂಡ್ಲಾ ಕಾಡಿನ ನಡುವೆ ಹಲಗೆ ನಡಿಗೆ ದಾರಿ ಈಗ ಜನಪ್ರಿಯ. ವಾರಾಂತ್ಯಕ್ಕೆ ಬೆಂಗಳೂರಿನ ಗಾಡಿಗಳೇ ಜಾಸ್ತಿ.

ನಮ್ಮ ನದಿಗಳು ನಿಜಕ್ಕೂ ಹಡಗಿನ ದಾರಿಯಾಗಬಲ್ಲವಾ ಅನ್ನುವುದಕ್ಕೆ ಪರೀಕ್ಷೆ ನಡೆದದ್ದು ದುಃಖದ ಸಂದರ್ಭದಲ್ಲಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಜೊತೆ ಜನರನ್ನೂ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. ಮಳೆಗಾಲದ ಸೆಳೆತದಲ್ಲಿ ಮುಳುಗು ತಜ್ಞರಿಗೆ ಹುಡುಕುವುದು ಕಷ್ಟವಾಯಿತು. ಕೊನೆಗೆ ಗೋವಾದಿಂದ ಹೂಳೆತ್ತುವ ಡ್ರೆಜ್ಜರ್ ತರಿಸಿದರು. ಅದು ಸಮುದ್ರದಲ್ಲಿ ಕಾರವಾರಕ್ಕೆ ಬಂದು, ಮಂಜಗುಣಿಯ ಬಾಯಿಯಿಂದ ನದಿಯೊಳಗೆ ನುಗ್ಗಬೇಕಿತ್ತು. ಅಲ್ಲಿ ಎರಡು ಕಡೆಯ ಇಕ್ಕಟ್ಟು. ಅಳಿವೆ ದಾಟಲು ನೀರು ಸಾಕಷ್ಟು ಇರಬೇಕು. ಸೇತುವೆ ಕೆಳಗೆ ನುಸುಳಲು ನೀರು ಇಳಿದಿರಬೇಕು, ಇಲ್ಲವಾದರೆ ಯಂತ್ರದ ತಲೆ ಸೇತುವೆಗೆ ತಾಗುತ್ತದೆ. ಹಾಗಾಗಿ ಭರತ-ಇಳಿತದ ಹೊತ್ತು ನೋಡಿಕೊಂಡೇ ಅದನ್ನು ಸಾಗಿಸಬೇಕಾಯಿತು. ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು, ಒಳಗೆ ಚಾಲಕನ ದೇಹವೂ. ಜಲಮಾರ್ಗ ಅಂದರೆ ಆಳ ಮಾತ್ರವಲ್ಲ, ತಲೆ ಮೇಲಿನ ಎತ್ತರವೂ ಲೆಕ್ಕ ಅನ್ನುವುದು ಆ ವಾರಗಳಲ್ಲಿ ಟಿವಿ ನೋಡಿದವರಿಗೆಲ್ಲ ತಿಳಿಯಿತು. ಸೇತುವೆ ಕಟ್ಟುವಾಗ ಕೆಳಗೆ ಏನು ಹಾದುಹೋಗಬೇಕು ಅಂತ ಯೋಚಿಸುವ ಕಾಲ ನಮ್ಮಲ್ಲಿ ಮುಗಿದುಹೋಗಿತ್ತು.

ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾಳಿಯ 1983ರ ಸೇತುವೆ ಕುಸಿಯಿತು. ಲಾರಿ ಸಮೇತ ನೀರಿಗೆ ಬಿದ್ದ ಚಾಲಕನನ್ನು ಮೇಲೆತ್ತಿದ್ದು ದೋಣಿಯಲ್ಲಿ ಬಂದ ಮೀನುಗಾರರು.

ಇಷ್ಟು ನೋಡಿದ ಮೇಲೆ ನನ್ನ ಅಭಿಪ್ರಾಯ ಸರಳ. ಶರಾವತಿಯಲ್ಲಿ ಸರಕು ದೋಣಿ ವಾಪಸ್ಸು ಬರುತ್ತದೆ ಅಂತ ಕಾಯುವುದು ವ್ಯರ್ಥ. ಅದಕ್ಕಾಗಿ ಉದ್ದಕ್ಕೂ ಹೂಳು ತೆಗೆಸುವುದಂತೂ ಬೇಡ. ತಳ ಕೆದಕಿದರೆ ಉಳಿದಿರುವ ಮೀನಿನ ನೆಲೆಯೂ ಹೋಗುತ್ತದೆ, ದಡದ ತೋಟಗಳೂ ಕುಸಿಯುತ್ತವೆ. ಬೇಕಾದದ್ದು ಚಿಕ್ಕ ಚಿಕ್ಕ ಕೆಲಸ. ಮಾವಿನಕುರ್ವೆಯಂಥ ನಡುಗಡ್ಡೆ ಊರುಗಳಿಗೆ, ನದಿಯ ಆಚೀಚೆ ದಡದ ಊರುಗಳಿಗೆ ಮಳೆಗಾಲದಲ್ಲೂ ಕಾಲು ಜಾರದ ದಕ್ಕೆ, ಪ್ರತಿ ದೋಣಿಯಲ್ಲೂ ಲೈಫ್ ಜಾಕೆಟ್, ದಕ್ಕೆಯಲ್ಲಿ ಆ ದಿನದ ಭರತದ ಹೊತ್ತಿನ ಜೊತೆ ಗೇರುಸೊಪ್ಪೆಯಿಂದ ನೀರು ಬಿಡುವ ಹೊತ್ತನ್ನೂ ಬರೆದ ಒಂದು ಹಲಗೆ. ಕೊಚ್ಚಿಯಲ್ಲಿ 2023ರಿಂದ ವಾಟರ್ ಮೆಟ್ರೊ ಓಡುತ್ತಿದೆ, ದ್ವೀಪಗಳ ಜನ ಅದರಲ್ಲೇ ಕೆಲಸಕ್ಕೆ ಹೋಗುತ್ತಾರೆ. ನಮಗೆ ಅಷ್ಟು ದೊಡ್ಡದು ಬೇಕಿಲ್ಲ, ಅಷ್ಟು ಜನವೂ ನಮ್ಮಲ್ಲಿಲ್ಲ. ಆದರೆ ಗೇರುಸೊಪ್ಪೆಯ ಬಸದಿ ನೋಡಲು ಹೋಗುವವರು ಒಂದು ಕಡೆಗಾದರೂ ನೀರಿನ ಮೇಲೆ ಹೋಗುವಂತೆ ಮಾಡಬಹುದು. ಹೋಗುವಾಗ ಭರತ ಶುರುವಾದ ಮೇಲೆ ಹೊನ್ನಾವರ ಬಿಡಬೇಕು, ವಾಪಸ್ಸು ಬಸ್ಸಿಗೆ ಬರಬಹುದು.